ಅಪ್ಪಯ್ಯನ ಕ್ಯಾಮೆರಾಕ್ಕೆ ಮತ್ತೆ ರೋಲು ಹಾಕಲೇ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನವಳು. ಅಪ್ಪಯ್ಯ ತೀರಿಕೊಂಡ ಮೇಲೆ ಅವರ ಪೆಂಟಾಕ್ಸ್ ಕೆ1000 ಕ್ಯಾಮೆರಾ ಮತ್ತು 50 ಎಂಎಂ ಲೆನ್ಸ್ ನನ್ನ ಕೈಗೆ ಬಂದಿವೆ. ಅಟ್ಟದ ಮೇಲೆ ಅವರ ನೆಗೆಟಿವ್‌ಗಳು ಒಂದು ಟ್ರಂಕ್ ತುಂಬ ಇವೆ. ನನ್ನ ಹತ್ತಿರ ಡಿಜಿಟಲ್ ಕ್ಯಾಮೆರಾ ಇದೆ, ಫೋನೂ ಇದೆ. ಆದರೂ ಇದಕ್ಕೆ ರೋಲು ಹಾಕಿ ಫೋಟೊ ತೆಗೆಯಬೇಕು ಅನ್ನಿಸುತ್ತಿದೆ. 'ಈ ಕಾಲದಲ್ಲಿ ರೋಲಾ? ದುಡ್ಡು ಹೆಚ್ಚಾಗಿದೆಯಾ?' ಅನ್ನುತ್ತಾರೆ ಮನೆಯಲ್ಲಿ. ಶಿವಮೊಗ್ಗದಲ್ಲಿ ನಾನು ಕೇಳಿದ ಸ್ಟುಡಿಯೋದವರೆಲ್ಲ ರೋಲ್ ತೊಳೆಯುವುದು (ಡೆವಲಪ್ ಮಾಡುವುದು) ಬಿಟ್ಟು ಎಷ್ಟೋ ವರ್ಷವಾಯಿತು ಅಂದರು. ಫಿಲಂ ಹಿಡಿಯುವುದರಲ್ಲಿ ಈಗ ಅರ್ಥವಿದೆಯೇ? ನಮ್ಮ ಮಳೆಗೆ ಈ ಕ್ಯಾಮೆರಾ ಉಳಿದೀತೇ?

ಉತ್ತರ: ಹಾಕಿ. ಹಾಕುವುದಾದರೆ ಕಪ್ಪು-ಬಿಳುಪು ರೋಲನ್ನೇ ಹಾಕಿ, ಅದನ್ನು ನಿಮ್ಮ ಮನೆಯ ಬಚ್ಚಲಲ್ಲಿ ನೀವೇ ತೊಳೆಯಿರಿ. ತೊಳೆಯುವ ಮನಸ್ಸಿಲ್ಲ, ಕೊರಿಯರ್‌ನಲ್ಲಿ ಕಳಿಸಿ ಸ್ಕ್ಯಾನ್ ತರಿಸಿಕೊಂಡು ಫೋನಿನಲ್ಲೇ ನೋಡುತ್ತೇನೆ ಅನ್ನುವುದಾದರೆ ನಿಮ್ಮ ಮನೆಯವರ ಮಾತೇ ಸರಿ. ಆ ದುಡ್ಡಿನಲ್ಲಿ ಡಿಜಿಟಲ್ ಕ್ಯಾಮೆರಾಕ್ಕೆ ಇನ್ನೊಂದು ಲೆನ್ಸ್ ತೆಗೆದುಕೊಳ್ಳಬಹುದು. ಎರಡನ್ನೂ ವರ್ಷಗಟ್ಟಲೆ ಹಿಡಿದ ಮೇಲೆ ನಾನು ಬಂದು ನಿಂತಿರುವ ಜಾಗ ಇದು.

ಫಿಲಮ್ಮಿನ ಫೋಟೊ ಡಿಜಿಟಲ್‌ಗಿಂತ ಚಂದ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮಳೆಗಾಲದಲ್ಲಿ ಮಂಡಗದ್ದೆಗೆ ಹೋಗಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟಿರುವ ಬೆಳ್ಳಕ್ಕಿ, ನೀರುಕಾಗೆಗಳ ಫೋಟೊ ತೆಗೆಯಬೇಕೆಂದರೆ ಡಿಜಿಟಲ್ಲೇ ಒಯ್ಯಿರಿ. ನಮ್ಮ ರಾಜ್ಯದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಎಂ.ವೈ. ಘೋರ್ಪಡೆ ಅವರೆಲ್ಲ ಫಿಲಮ್ಮಿನಲ್ಲೇ ಹಕ್ಕಿ, ಕಾಡುಪ್ರಾಣಿಗಳ ದೊಡ್ಡ ಕೆಲಸ ಮಾಡಿದರು, ನಿಜ. ಅವರ ಕಾಲಕ್ಕೆ ಇದ್ದದ್ದೇ ಫಿಲಂ. ನಿಮ್ಮ 50 ಎಂಎಂ ಲೆನ್ಸಿನಲ್ಲಿ ಮಂಡಗದ್ದೆಯ ಬೆಳ್ಳಕ್ಕಿ ಬಿಳಿ ಚುಕ್ಕೆಯಾಗಿ ಬರುತ್ತದೆ, ಅಷ್ಟೇ. ಮದುವೆ, ನಾಟಕ, ಓಟದ ಸ್ಪರ್ಧೆಗೂ ಇದೇ ಮಾತು.

ಹಾಗಾದರೆ ಫಿಲಂ ಯಾವುದಕ್ಕೆ? ಒಂದು ಕೊನೆ ಕೊಯ್ಲಿನ, ಅಂದರೆ ಅಡಿಕೆ ಗೊನೆ ಇಳಿಸುವ ದಿನದ ಮಾತು ಹೇಳುತ್ತೇನೆ. ತೀರ್ಥಹಳ್ಳಿ ಕಡೆ ನೆಂಟರ ತೋಟ. ಹಿಂದಿನ ವರ್ಷ ಅದೇ ತೋಟದಲ್ಲಿ ಡಿಜಿಟಲ್‌ನಲ್ಲಿ ನಾನ್ನೂರು ಚಿಲ್ಲರೆ ಫೋಟೊ ತೆಗೆದಿದ್ದೆ, ಒಂದೂ ನೆನಪಿನಲ್ಲಿ ಉಳಿದಿರಲಿಲ್ಲ. ಈ ಸಲ ಕ್ಯಾಮೆರಾದಲ್ಲಿ ಹನ್ನೊಂದು ಫ್ರೇಮು ಮಾತ್ರ ಬಾಕಿ, ಬೇರೆ ರೋಲು ತಂದಿರಲಿಲ್ಲ. ಬೇರೆ ದಾರಿಯಿಲ್ಲದೆ ಮೊದಲ ಅರ್ಧ ಗಂಟೆ ಕ್ಯಾಮೆರಾ ಕೆಳಗಿಟ್ಟು ನೋಡುತ್ತ ಕೂತೆ. ಮರ ಹತ್ತಿದ ಕೊನೆಗೌಡ ಕತ್ತಿ ಹಾಕುವ ಮೊದಲು ಎಡಗೈಯಲ್ಲಿ ಗೊನೆಯನ್ನು ಒಮ್ಮೆ ಅಲುಗಿಸಿ ನೋಡುತ್ತಿದ್ದ. ಕೆಳಗೆ ಹಗ್ಗ ಹಿಡಿದವನು ಅದು ಕಂಡ ಕೂಡಲೇ ಕಾಲು ಅಗಲಿಸಿ ನಿಲ್ಲುತ್ತಿದ್ದ. ಗೊನೆ ಜಾರಿ ಬರುವುದಕ್ಕಿಂತ ಮುಂಚೆ ಅವನ ಭುಜ ಗಟ್ಟಿಯಾಗುವ ಒಂದು ಕ್ಷಣವಿತ್ತು. ಆ ಕ್ಷಣ ಹಿಂದಿನ ವರ್ಷದ ನಾನ್ನೂರರಲ್ಲಿ ಒಂದರಲ್ಲೂ ಇರಲಿಲ್ಲ, ಏಕೆಂದರೆ ಆಗ ನನ್ನ ಕಣ್ಣು ಹಿಂಬದಿಯ ಪರದೆಯ ಮೇಲಿತ್ತು. ಹನ್ನೊಂದರಲ್ಲಿ ಅದು ಮೂರು ಸಲ ಸಿಕ್ಕಿತು.

ಡಿಜಿಟಲ್ ಹಿಡಿದೂ ಹೀಗೆ ಕಾಯಬಹುದಲ್ಲ ಎಂದು ನೀವು ಕೇಳಬಹುದು. ಕಾಯಬಹುದು. ನನ್ನಿಂದಂತೂ ಆಗಲಿಲ್ಲ. ಇವತ್ತು ಒಂದು ಕಲರ್ ರೋಲು, ತೊಳೆಸುವುದು, ಸ್ಕ್ಯಾನು, ಕೊರಿಯರ್ ಎಲ್ಲ ಸೇರಿ ನನಗೆ ಫ್ರೇಮಿಗೆ ಐವತ್ತು ರೂಪಾಯಿಯ ಹತ್ತಿರ ಬೀಳುತ್ತದೆ. ಕಪ್ಪು-ಬಿಳುಪನ್ನು ಮನೆಯಲ್ಲೇ ತೊಳೆದರೆ ಹೆಚ್ಚುಕಮ್ಮಿ ಅರ್ಧ. ದಿನಗೂಲಿಯವರ ಬೆವರನ್ನು ಚಿತ್ರ ಮಾಡುವಾಗ ಪ್ರತಿ ಫ್ರೇಮಿಗೂ ನನ್ನ ಕೈಯಿಂದ ಏನಾದರೂ ಹೋಗುತ್ತಿದೆ ಅನ್ನುವುದು ನನ್ನ ಕಣ್ಣನ್ನು ಎಚ್ಚರವಾಗಿಡುತ್ತದೆ.

ಇನ್ನೊಂದು ಕಾರಣ ನಿಮ್ಮ ಅಟ್ಟದ ಮೇಲೇ ಇದೆ. ಆ ಟ್ರಂಕಿನ ನೆಗೆಟಿವ್‌ಗಳನ್ನು ನೋಡಲು ಪಾಸ್‌ವರ್ಡ್ ಬೇಡ, ಕಂಪ್ಯೂಟರ್ ಬೇಡ. ಕಿಟಕಿಯ ಬೆಳಕಿಗೆ ಹಿಡಿದರೆ ಸಾಕು. ನಮ್ಮ ಮನೆಯ ಒಂದು ಉಪನಯನದ ಫೋಟೊಗಳೆಲ್ಲ ಹಾರ್ಡ್‌ಡಿಸ್ಕ್ ಕೆಟ್ಟು ಹೋದವು. ಅದಕ್ಕಿಂತ ಇಪ್ಪತ್ತು ವರ್ಷ ಹಿಂದಿನ ಅಕ್ಕನ ಮದುವೆಯ ನೆಗೆಟಿವ್‌ನಿಂದ ಮೊನ್ನೆ ಮೊನ್ನೆ ಪ್ರಿಂಟ್ ಹಾಕಿಸಿದೆವು.

ಆದ್ದರಿಂದ ಹೊಸ ರೋಲು ಕೊಳ್ಳುವ ಮೊದಲು ಆ ಟ್ರಂಕನ್ನು ಕೆಳಗಿಳಿಸಿ, ಇದೊಂದು ಕೆಲಸವನ್ನು ಮುಂದೂಡಬೇಡಿ. ಅಟ್ಟ ಮಳೆಗಾಲದಲ್ಲಿ ಒಲೆಯ ಹೊಗೆಗೆ ಬೆಚ್ಚಗಿರುತ್ತದೆ ಎಂದು ನಮ್ಮ ಹಿರಿಯರು ಬೆಲೆಯ ವಸ್ತುಗಳನ್ನೆಲ್ಲ ಅಲ್ಲಿಡುತ್ತಿದ್ದರು. ಆದರೆ ಬೇಸಿಗೆಯಲ್ಲಿ ಹಂಚಿನ ಕೆಳಗಿನ ಕಾವು ಫಿಲಮ್ಮಿಗೆ ಒಳ್ಳೆಯದಲ್ಲ, ಕಲರ್ ನೆಗೆಟಿವ್‌ನ ಬಣ್ಣ ಬೇಗ ಇಳಿಯುತ್ತದೆ. ಟ್ರಂಕಿನ ಮುಚ್ಚಳ ತೆಗೆದ ಕೂಡಲೇ ಹುಳಿ ವಾಸನೆ, ಅಂದರೆ ವಿನೆಗರ್ ವಾಸನೆ ಬರುತ್ತದೆಯೇ ನೋಡಿ. ಹಳೆಯ ಫಿಲಮ್ಮಿನ ಆಧಾರ ಸೆಲ್ಯುಲೋಸ್ ಅಸಿಟೇಟ್. ಕಾವು ಮತ್ತು ತೇವ ಸೇರಿದರೆ ಅದು ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ, ಆ ಆಮ್ಲವೇ ಪಕ್ಕದ ಪಟ್ಟಿಗಳನ್ನೂ ಕೆಡಿಸುತ್ತದೆ. ವಾಸನೆ ಬರುವ, ಸುರುಟಿಕೊಂಡ ಪಟ್ಟಿಗಳನ್ನು ಬೇರೆ ಇಟ್ಟು ಮೊದಲು ಅವನ್ನೇ ಡಿಜಿಟಲ್‌ಗೆ ಇಳಿಸಿಕೊಳ್ಳಿ. ನಿಮ್ಮ ಡಿಜಿಟಲ್ ಕ್ಯಾಮೆರಾಕ್ಕೆ ಮ್ಯಾಕ್ರೋ ಲೆನ್ಸ್ ಇದ್ದರೆ ಬಿಳಿ ಬೆಳಕಿನ ಹಲಗೆಯ ಮೇಲೆ ನೆಗೆಟಿವ್ ಇಟ್ಟು ಮೇಲಿನಿಂದ ಫೋಟೊ ತೆಗೆಯಬಹುದು, ಸ್ಕ್ಯಾನರ್ ಬೇಕಿಲ್ಲ. ಒಂದಕ್ಕೊಂದು ಅಂಟಿದ್ದರೆ ಎಳೆಯಬೇಡಿ. ಬೂಷ್ಟು ಹಿಡಿದದ್ದನ್ನು ನೀರಿನಲ್ಲಿ ತೊಳೆಯಬೇಡಿ. ಫಿಲಮ್ಮಿನ ಮೇಲಿನ ಪದರ ಜೆಲಟಿನ್, ಬೂಷ್ಟು ಅದನ್ನು ತಿಂದು ನೀರಿಗೆ ಕರಗುವಂತೆ ಮಾಡಿರುತ್ತದೆ, ಚಿತ್ರವೇ ಎದ್ದು ಬರುತ್ತದೆ. ಉಳಿದವನ್ನು ಪಾಲಿಪ್ರೊಪಿಲೀನ್ ಹಾಳೆಗೋ ಆಮ್ಲವಿಲ್ಲದ ಕಾಗದದ ಲಕೋಟೆಗೋ ಹಾಕಿ. ಪಿವಿಸಿ ಕವರ್ ಬೇಡ.

ಇನ್ನು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟಿ ಸುರಿಯುತ್ತದೆ. ನಿಮ್ಮ ಕಡೆ ಅಷ್ಟಿಲ್ಲದಿದ್ದರೂ ಆರಿದ್ರಾ ಹಿಡಿದಲ್ಲಿಂದ ಆಶ್ಲೇಷ ಮುಗಿಯುವವರೆಗೆ ಗೋಡೆಯೇ ಬೆವರುವುದು ಎಲ್ಲ ಕಡೆಯೂ ಒಂದೇ. ನನ್ನ ಮೊದಲ ಕ್ಯಾಮೆರಾವನ್ನು ಕಳೆದುಕೊಂಡದ್ದು ಹಾಗೆಯೇ. ಚರ್ಮದ ಕೇಸಿನೊಳಗೆ ಹಾಕಿ, ಅದರ ಮೇಲೆ ಬಟ್ಟೆ ಸುತ್ತಿ, ಮರದ ಕಪಾಟಿನಲ್ಲಿ ಜೋಪಾನವಾಗಿಟ್ಟಿದ್ದೆ. ದೀಪಾವಳಿಗೆ ತೆಗೆದು ಲೆನ್ಸನ್ನು ಬೆಳಕಿಗೆ ಹಿಡಿದರೆ ಒಳಗಿನ ಗಾಜಿನ ಮೇಲೆ ಒಣಗಿದ ಅರಳಿ ಎಲೆಯ ನರಗಳ ಹಾಗೆ ಬೆಳ್ಳನೆ ಎಳೆಗಳು ಹರಡಿದ್ದವು. ಒರೆಸಿಸಿದರೂ ಗುರುತು ಹೋಗಲಿಲ್ಲ. ಬೂಷ್ಟು ಬಿಡುವ ಆಮ್ಲ ಗಾಜಿನ ಲೇಪನವನ್ನೇ ಕೊರೆದಿತ್ತು. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ ಅನ್ನುವುದು ಆಗ ನನಗೆ ಗೊತ್ತಿರಲಿಲ್ಲ.

ಗಾಳಿಯ ತೇವ ನೂರಕ್ಕೆ ಎಪ್ಪತ್ತರ ಮೇಲೆ ದಿನಗಟ್ಟಲೆ ನಿಂತರೆ ಬೂಷ್ಟು ಬೆಳೆಯುತ್ತದೆ. ನಲವತ್ತರಿಂದ ಐವತ್ತರಲ್ಲಿ ಇಟ್ಟರೆ ನಿಶ್ಚಿಂತೆ. ಇದಕ್ಕೆ ದುಬಾರಿ ಕಪಾಟು ಬೇಕಿಲ್ಲ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಅರ್ಧ ಕಿಲೋ ಸಿಲಿಕಾ ಜೆಲ್, ಒಂದು ಚಿಕ್ಕ ತೇವಮಾಪಕ. ನೀಲಿ ಹರಳಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ಅಡುಗೆಮನೆಯ ಹತ್ತಿರ ಸುಳಿಯಬಾರದು. ಕಿತ್ತಳೆ ಬಣ್ಣದ್ದು ಕೊಳ್ಳಿ. ತೇವ ಹೀರಿದಂತೆ ಬಣ್ಣ ಬದಲಾಗುತ್ತದೆ. ಆಗ ಇದಕ್ಕೆಂದೇ ಇಟ್ಟ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿದರೆ ಮತ್ತೆ ಮೊದಲಿನಂತಾಗುತ್ತದೆ. ಕ್ಯಾಮೆರಾವನ್ನು ಮಳೆಗಾಲದಲ್ಲೂ ವಾರಕ್ಕೊಮ್ಮೆಯಾದರೂ ತೆಗೆದು, ಶಟರ್ ಹತ್ತು ಸಲ ಹೊಡೆದು, ಬಿಸಿಲು ಬಿದ್ದ ದಿನ ಲೆನ್ಸಿಗೆ ಸ್ವಲ್ಪ ಬೆಳಕು ತೋರಿಸಿ. ಬಳಸುವ ಕ್ಯಾಮೆರಾಕ್ಕೆ ಬೂಷ್ಟು ಹಿಡಿಯುವುದು ಕಡಿಮೆ.

ಕೆ1000 ನಿಮಗೆ ಸಿಕ್ಕಿದ್ದು ಅದೃಷ್ಟ. 1976ರಿಂದ 1997ರವರೆಗೆ ತಯಾರಾದ ಈ ಕ್ಯಾಮೆರಾದ ಶಟರ್‌ಗೆ ಬ್ಯಾಟರಿಯೇ ಬೇಡ. ತಳದಲ್ಲಿ ಹಾಕುವ ಚಿಕ್ಕ ಎಲ್‌ಆರ್44 ಗುಂಡಿ ಸೆಲ್ ಬೆಳಕು ಅಳೆಯುವುದಕ್ಕೆ ಮಾತ್ರ. ಮೀಟರ್ ಆರಿಸುವ ಸ್ವಿಚ್ ಇದರಲ್ಲಿಲ್ಲ, ಆದ್ದರಿಂದ ಕೆಳಗಿಡುವಾಗ ಲೆನ್ಸಿಗೆ ಮುಚ್ಚಳ ಹಾಕದಿದ್ದರೆ ಸೆಲ್ ಸುಮ್ಮನೆ ಖಾಲಿಯಾಗುತ್ತದೆ. ರೋಲು ಹಾಕುವ ಮೊದಲು ಹಿಂಬಾಗಿಲು ತೆಗೆದು ಅಂಚಿನ ಕಪ್ಪು ಸ್ಪಂಜನ್ನು ಬೆರಳಿನಿಂದ ಮುಟ್ಟಿ. ಡಾಂಬರಿನ ಹಾಗೆ ಅಂಟಿದರೆ ಅದನ್ನು ಬದಲಿಸಬೇಕು, ಇಲ್ಲದಿದ್ದರೆ ರೋಲಿಗೆ ಲೈಟ್ ಹೊಡೆಯುತ್ತದೆ. ಆಮೇಲೆ ಒಂದು ಸೆಕೆಂಡಿಗಿಟ್ಟು ಶಟರ್ ಒತ್ತಿ ಕಿವಿಗೊಟ್ಟು ಕೇಳಿ. ನಡುವೆ ತಡವರಿಸಿದರೆ ಒಮ್ಮೆ ಮೆಕ್ಯಾನಿಕ್ ಕೈಗೆ ಕೊಡಬೇಕು.

ರೋಲು ಹಾಕಿ ಬಾಗಿಲು ಮುಚ್ಚಿದ ಮೇಲೆ ಎಡಗಡೆಯ ಸುತ್ತುವ ಗುಂಡಿಯನ್ನು ಮೆಲ್ಲನೆ ತಿರುಗಿಸಿ ಫಿಲಮ್ಮನ್ನು ಬಿಗಿ ಮಾಡಿ. ಈಗ ಬಲಗಡೆಯ ಲಿವರ್ ಎಳೆದರೆ ಎಡಗಡೆಯ ಗುಂಡಿ ತಾನಾಗಿ ತಿರುಗಬೇಕು. ತಿರುಗದಿದ್ದರೆ ಫಿಲಂ ಹಲ್ಲಿಗೆ ಕೂತಿಲ್ಲ ಎಂದರ್ಥ. ಎಣಿಕೆಯ ಮುಳ್ಳು ಮಾತ್ರ 36ರವರೆಗೆ ಓಡುತ್ತದೆ, ಒಳಗೆ ಒಂದು ಫ್ರೇಮೂ ಸರಿದಿರುವುದಿಲ್ಲ. ಎಷ್ಟೋ ಮನೆಗಳ ತೊಟ್ಟಿಲ ಶಾಸ್ತ್ರದ ಫೋಟೊಗಳು ಇದೇ ಕಾರಣಕ್ಕೆ ಇಲ್ಲವಾಗಿವೆ.

ಬೆಳಕಿನ ವಿಷಯದಲ್ಲಿ ಮಲೆನಾಡಿಗೆ ಅದರದೇ ಲೆಕ್ಕ. ಕಣ್ಣು ಕುಕ್ಕುವ ಬಿಸಿಲಿನಲ್ಲಿ ಲೆನ್ಸಿನ ಕಂಡಿ ಎಫ್/16, ಶಟರ್ ವೇಗ ಫಿಲಮ್ಮಿನ ಐಎಸ್‌ಒ (ಬೆಳಕಿಗೆ ಅದರ ಚುರುಕಿನ ಅಂಕಿ) ಎಷ್ಟೋ ಸೆಕೆಂಡಿನ ಅಷ್ಟರಲ್ಲೊಂದು ಪಾಲು ಎಂದು ಎಲ್ಲರೂ ಕಲಿಯುತ್ತಾರೆ. ಆದರೆ ಮಳೆಗಾಲದ ಮಟಮಟ ಮಧ್ಯಾಹ್ನ, ಕಾಳುಮೆಣಸಿನ ಬಳ್ಳಿ ಹಬ್ಬಿದ ಅಡಿಕೆ ತೋಟದೊಳಗೆ, 400ರ ಫಿಲಮ್ಮಿಗೆ ನನ್ನ ಮೀಟರ್ ಎಫ್/2.8, 1/60 ತೋರಿಸುತ್ತದೆ. ಬಯಲ ಬಿಸಿಲಿಗಿಂತ ಹತ್ತಿರ ಹತ್ತಿರ ಎಂಟು ಸ್ಟಾಪ್ ಕಡಿಮೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ಆದ್ದರಿಂದ 100ರ ರೋಲು ನಮ್ಮ ಮಳೆಗಾಲಕ್ಕಲ್ಲ. ಇಲ್‌ಫರ್ಡ್ ಎಚ್‌ಪಿ5 ಪ್ಲಸ್, ಕೊಡ್ಯಾಕ್ ಟ್ರೈ-ಎಕ್ಸ್, ಇಲ್ಲವೇ ಕೈಗೆಟುಕುವ ಬೆಲೆಯ ಕೆಂಟ್‌ಮಿಯರ್ 400, ಮೂರರಲ್ಲಿ ಒಂದನ್ನು ಹಿಡಿದು ಒಂದು ವರ್ಷ ಅದನ್ನೇ ಬಳಸಿ. ತೋಟದಲ್ಲಿ ಸೋಗೆಗಳ ಸಂದಿಯ ಆಕಾಶ ಮೀಟರನ್ನು ದಾರಿ ತಪ್ಪಿಸುತ್ತದೆ. ಕ್ಯಾಮೆರಾವನ್ನು ನೆಲದ ಕಡೆ ಬಗ್ಗಿಸಿ ನೆರಳನ್ನು ಅಳೆದು, ಆಮೇಲೆ ಮೇಲೆತ್ತಿ ಫೋಟೊ ತೆಗೆಯಿರಿ. ಡಿಜಿಟಲ್‌ನಲ್ಲಿ ಬೆಳಕು ಹೆಚ್ಚಾಗಿ ಬಿಳುಚಿದ ಜಾಗ ಹೋಯಿತೆಂದೇ ಲೆಕ್ಕ. ನೆಗೆಟಿವ್‌ನಲ್ಲಿ ಒಂದೆರಡು ಸ್ಟಾಪ್ ಹೆಚ್ಚಾದರೂ ವಿವರ ಉಳಿಯುತ್ತದೆ, ಕಡಿಮೆಯಾದರೆ ಮಾತ್ರ ನೆರಳಿನಲ್ಲಿ ಏನೂ ಇರುವುದಿಲ್ಲ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದಂಥ ಕಲ್ಲಿನ ಒಳಾಂಗಣದಲ್ಲಿ, ಅಥವಾ ಸಂಜೆ ಹೊತ್ತು ಜೋಗದಲ್ಲಿ, ಟ್ರೈಪಾಡ್ ಇಟ್ಟು ದೀರ್ಘ ಎಕ್ಸ್‌ಪೋಷರ್ ಕೊಡುವಾಗ ಇನ್ನೊಂದು ತಿಳಿದಿರಲಿ: ಒಂದು ಸೆಕೆಂಡು ದಾಟಿದ ಮೇಲೆ ಫಿಲಮ್ಮಿನ ಗ್ರಹಣಶಕ್ತಿ ಇಳಿಯುತ್ತದೆ. ಮೀಟರ್ 10 ಸೆಕೆಂಡು ಅಂದರೆ ಎಚ್‌ಪಿ5ಗೆ 20 ಸೆಕೆಂಡು ಬೇಕು.

ಈಗ ತೊಳೆಯುವ ಕೆಲಸಕ್ಕೆ ಬರೋಣ. ಶಿವಮೊಗ್ಗದ ಸ್ಟುಡಿಯೋಗಳು ನಿಲ್ಲಿಸಿದರೆ ನಿಮಗೇನೂ ನಷ್ಟವಿಲ್ಲ. ಕಪ್ಪು-ಬಿಳುಪಿಗೆ ಬೇಕಾದದ್ದು ಬೆಳಕು ಹೋಗದ ಒಂದು ಡೆವಲಪಿಂಗ್ ಟ್ಯಾಂಕ್, ಥರ್ಮಾಮೀಟರ್, ಅಳತೆಯ ಜಾಡಿ, ಗಡಿಯಾರ, ಚಿತ್ರ ಮೂಡಿಸುವ ಡೆವಲಪರ್, ಮೂಡಿದ ಚಿತ್ರವನ್ನು ಬೆಳಕಿಗೆ ಕೆಡದಂತೆ ನಿಲ್ಲಿಸುವ ಹೈಪೋ. ಡಾರ್ಕ್‌ರೂಮ್ ಬೇಕಾಗುವುದು ರೋಲನ್ನು ಟ್ಯಾಂಕಿನ ಸುರುಳಿಗೆ ಸುತ್ತುವ ಐದು ನಿಮಿಷಕ್ಕೆ ಮಾತ್ರ. ಹಳೆಯ ಮಲೆನಾಡ ಮನೆಗಳ ಒಳಕೋಣೆಗಿಂತ ಒಳ್ಳೆಯ ಕತ್ತಲು ಎಲ್ಲಿದೆ? ಕರೆಂಟ್ ಹೋದ ಮಳೆಗಾಲದ ರಾತ್ರಿ ಬಾಗಿಲ ಸಂದಿಗೆ ಕಂಬಳಿ ತುರುಕಿ ಕೂತರೆ ಸ್ವಂತ ಕೈಯೇ ಕಾಣುವುದಿಲ್ಲ. ಆದರೆ ಸುರುಳಿ ಚೆನ್ನಾಗಿ ಒಣಗಿರಲಿ. ಒಂದು ಹನಿ ತೇವವಿದ್ದರೂ ಫಿಲಂ ಅಂಟಿಕೊಂಡು ಮುಂದೆ ಹೋಗುವುದಿಲ್ಲ, ಕತ್ತಲಲ್ಲಿ ಕೈ ಬೆವರಲು ಶುರುವಾಗುತ್ತದೆ. ಕೆಟ್ಟುಹೋದ ಹಳೆಯ ರೋಲೊಂದನ್ನು ಹಿಡಿದು ಮೊದಲು ಹಗಲಲ್ಲಿ, ಆಮೇಲೆ ಕಣ್ಣು ಮುಚ್ಚಿ, ಹತ್ತು ಸಲ ಅಭ್ಯಾಸ ಮಾಡಿ.

ಡೆವಲಪರ್‌ಗಳಲ್ಲಿ ಡಿ-76ರಿಂದ ಶುರು ಮಾಡಿ. ಅದರ ಸೂತ್ರ ಎಲ್ಲರಿಗೂ ತೆರೆದದ್ದು: ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಕೈಗವಸು ಹಾಕಿಕೊಳ್ಳಿ. ಅಡುಗೆಯ ಪಾತ್ರೆ ಮುಟ್ಟಬೇಡಿ. ಎಚ್‌ಪಿ5ಗೆ ನೀರು ಬೆರೆಸದ ಡಿ-76ರಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ. ತೊಡಕಿರುವುದು ಇಲ್ಲೇ: ನಮ್ಮ ಬಾವಿ ನೀರು ಸಾಮಾನ್ಯವಾಗಿ 20 ಡಿಗ್ರಿಗೆ ನಿಲ್ಲುವುದಿಲ್ಲ. 24 ಡಿಗ್ರಿಯಾದರೆ ಸಮಯ ಐದು ನಿಮಿಷದ ಆಸುಪಾಸಿಗೆ ಇಳಿಯುತ್ತದೆ, ಅಷ್ಟು ಚಿಕ್ಕ ಅವಧಿಯಲ್ಲಿ ಆಕಾಶದಂಥ ಸಪಾಟು ಜಾಗಕ್ಕೆ ಪಟ್ಟೆ ಬೀಳುತ್ತದೆ. ಡೆವಲಪರ್‌ಗೆ ಅಷ್ಟೇ ಅಳತೆಯ ನೀರು ಬೆರೆಸಿ ಅವಧಿ ಉದ್ದ ಮಾಡಿಕೊಳ್ಳುವುದು ನನ್ನ ರೂಢಿ. ಹೊರಗಿನ ಬೋಗುಣಿಯ ನೀರಿಗೆ ನಾಲ್ಕು ತುಂಡು ಐಸ್ ಹಾಕಿ ಅದರಲ್ಲಿ ಟ್ಯಾಂಕ್ ನಿಲ್ಲಿಸಿದರೂ ಆಗುತ್ತದೆ. ಹಂತದಿಂದ ಹಂತಕ್ಕೆ ನೀರಿನ ಕಾವು ಒಮ್ಮೆಲೇ ಏರಿಳಿಯಬಾರದು.

ಹೈಪೋ ಆದ ಮೇಲೆ ನಲ್ಲಿ ಬಿಟ್ಟುಕೊಂಡು ಕೂರಬೇಕಿಲ್ಲ. ಟ್ಯಾಂಕಿಗೆ ಹೊಸ ನೀರು ತುಂಬಿ ಐದು ಸಲ ಮಗುಚಿ ಚೆಲ್ಲಿ, ಮತ್ತೆ ತುಂಬಿ ಹತ್ತು ಸಲ, ಇನ್ನೊಮ್ಮೆ ಇಪ್ಪತ್ತು ಸಲ. ಇದು ಇಲ್‌ಫರ್ಡ್‌ನವರೇ ಹೇಳಿಕೊಟ್ಟ ಕ್ರಮ. ಕೆಮ್ಮಣ್ಣಿನ ಕಣ ಫಿಲಮ್ಮಿಗೆ ಅಂಟದಂತೆ ನೀರನ್ನು ಪಾಣಿಪಂಚೆಯಲ್ಲಿ ಸೋಸಿಕೊಳ್ಳಿ. ಕೊನೆಯ ಮುಳುಗು ಮಾತ್ರ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ. ಆಮೇಲೆ ಸುರುಳಿ ಬಿಚ್ಚಿ ಫಿಲಮ್ಮನ್ನು ಮೇಲೆತ್ತಿ ಹಿಡಿಯುವ ಕ್ಷಣ ಬರುತ್ತದೆ. ಹಾಲಿನಂತಿದ್ದ ಫಿಲಂ ತಿಳಿಯಾಗಿ, ಬಚ್ಚಲ ಬಲ್ಬಿನ ಎದುರು ನಿಮ್ಮ ಅಜ್ಜಿಯ ಬಿಳಿ ಕೂದಲು ಕಪ್ಪಾಗಿ, ಕಪ್ಪು ಬಾಗಿಲು ಬೆಳ್ಳಗಾಗಿ, ನೀರು ತೊಟ್ಟಿಕ್ಕುತ್ತ ಕಾಣುತ್ತದೆ. ಎಷ್ಟು ರೋಲು ತೊಳೆದರೂ ಆ ಹೊತ್ತಿಗೆ ನನಗೆ ಉಸಿರು ಬಿಗಿಯಾಗುತ್ತದೆ. ಒಣಗಿಸುವುದಕ್ಕೆ ಅಡಿಕೆ ಒಣಗುವ ಕಡೆ ಹೋಗಬೇಡಿ, ಹೊಗೆಯ ಮಸಿ ಒದ್ದೆ ಜೆಲಟಿನ್‌ಗೆ ಕೂತರೆ ಬಿಡುವುದಿಲ್ಲ. ಬಟ್ಟೆ ತೆಗೆದ ಖಾಲಿ ಕಬ್ಬಿಣದ ಬೀರುವಿನಲ್ಲಿ ತಳಕ್ಕೆ ಹಳೆಯ ಕಾಲದ 40 ವ್ಯಾಟ್ ಬಲ್ಬ್ ಉರಿಸಿ, ಮೇಲಿನಿಂದ ಕ್ಲಿಪ್ ಹಾಕಿ ನೇತುಹಾಕಿ, ಬಾಗಿಲನ್ನು ತುಸು ಓರೆ ಮಾಡಿಡಿ.

ಒಂದು ಮಾತು ಮಾತ್ರ ಕಟ್ಟುನಿಟ್ಟು. ನಮ್ಮಲ್ಲಿ ಬಚ್ಚಲ ನೀರು ಬಾಳೆಬುಡಕ್ಕೆ, ಅಲ್ಲಿಂದ ತೋಟದ ಕಪ್ಪಿಗೆ (ಬಸಿಗಾಲುವೆಗೆ), ಕಪ್ಪಿನಿಂದ ಹಳ್ಳಕ್ಕೆ. ಬಳಸಿದ ಹೈಪೋದಲ್ಲಿ ಫಿಲಮ್ಮಿನಿಂದ ಕರಗಿ ಬಂದ ಬೆಳ್ಳಿ ಇರುತ್ತದೆ. ಅದನ್ನು ಆ ದಾರಿಗೆ ಬಿಡಬೇಡಿ. ಒಂದು ಕ್ಯಾನಿನಲ್ಲಿ ಕೂಡಿಸಿಟ್ಟು, ಅದರೊಳಗೆ ಪಾತ್ರೆ ಉಜ್ಜುವ ನುಣ್ಣನೆಯ ಉಕ್ಕಿನ ನಾರು ಹಾಕಿ ಬಿಡಿ. ಕಬ್ಬಿಣ ಕರಗುತ್ತ ಬೆಳ್ಳಿ ಕೆಸರಾಗಿ ತಳಕ್ಕಿಳಿಯುತ್ತದೆ. ತುಕ್ಕು ಹಿಡಿಯದ ಸ್ಟೀಲಿನ ನಾರಿಗೆ ಈ ಗುಣವಿಲ್ಲ. ಊರಿನ ಯಾವುದಾದರೂ ಎಕ್ಸ್‌ರೇ ಕೇಂದ್ರದಲ್ಲಿ ಇನ್ನೂ ಫಿಲಂ ತೊಳೆಯುತ್ತಿದ್ದರೆ ಅವರ ಹೈಪೋ ಒಯ್ಯುವವರಿಗೇ ನಿಮ್ಮದನ್ನೂ ಕೊಡಬಹುದು.

ರಾಸಾಯನಿಕ ತರಿಸುವುದು ಕಷ್ಟವಾದರೆ ಕಾಫಿ ಇದೆ. 1995ರಲ್ಲಿ ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯ ಒಂದು ತರಗತಿಯಲ್ಲಿ ಹುಟ್ಟಿದ ವಿಧಾನ, ಕೆಫೆನಾಲ್ ಎಂದು ಹೆಸರು. ಲೀಟರಿಗೆ ನೀರಿನಂಶವಿಲ್ಲದ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ ಪುಡಿ 40 ಗ್ರಾಂ, 20 ಡಿಗ್ರಿಗೆ 15 ನಿಮಿಷ. ಚಿಕೋರಿ ಬೆರೆಸದ ಅಗ್ಗದ ಪುಡಿ ತನ್ನಿ, ನಿಮ್ಮ ಮನೆಯ ಫಿಲ್ಟರ್ ಡಿಕಾಕ್ಷನ್ ಇದಕ್ಕೆ ಬೇಡ. ವಾಸನೆ ಕೆಟ್ಟದಾಗಿರುತ್ತದೆ. ನೆಗೆಟಿವ್ ಮಾತ್ರ ನಿಜಕ್ಕೂ ಚೆನ್ನಾಗಿ ಬರುತ್ತದೆ, ನಾನು ನಾಲ್ಕಾರು ರೋಲು ತೊಳೆದು ನೋಡಿದ್ದೇನೆ. ಹೈಪೋ ಇದಕ್ಕೂ ಬೇಕು.

ಕಲರ್ ಬೇಕೆನಿಸಿದಾಗ ವರ್ಷಕ್ಕೆ ಒಂದೆರಡು ರೋಲು ಬೆಂಗಳೂರಿನ ಲ್ಯಾಬಿಗೆ ಕಳಿಸಿ. ಅದಕ್ಕೆ ಡೆವಲಪರ್ 38 ಡಿಗ್ರಿಯಲ್ಲಿ ಅಲುಗದೆ ನಿಲ್ಲಬೇಕು, ಶುರುವಿಗೆ ಆ ತಲೆಬಿಸಿ ಬೇಡ.

ರೋಲು ಸಿಗುವುದೇ ನಿಂತರೆ ಅನ್ನುವ ಭಯವೂ ನಿಮಗೆ ಇರಬಹುದು. ನಮ್ಮದೇ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಊಟಿಯಲ್ಲಿ ಇಂದು ಹೆಸರಿನ ಫಿಲಂ ಮಾಡುತ್ತಿತ್ತು, ಅದು ಮುಚ್ಚಿಹೋಯಿತು. ನಿಮ್ಮ ಟ್ರಂಕಿನಲ್ಲಿ ಕೆಲವು ಪಟ್ಟಿಗಳ ಅಂಚಿನಲ್ಲಿ ಆ ಹೆಸರು ಕಂಡರೆ ಅವನ್ನು ಇನ್ನೂ ಜೋಪಾನ ಮಾಡಿ. 1975ರಲ್ಲಿ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದ್ದು ಕೊಡ್ಯಾಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್. ಅದೇ ಕೊಡ್ಯಾಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿತು, ಆದರೂ ಅದರ ಫಿಲಂ ಇವತ್ತಿಗೂ ರೋಚೆಸ್ಟರ್‌ನಲ್ಲಿ ತಯಾರಾಗುತ್ತಿದೆ. ಪೆಂಟಾಕ್ಸ್ 2024ರಲ್ಲಿ ಹೊಸದೊಂದು ಫಿಲಂ ಕ್ಯಾಮೆರಾವನ್ನೇ ಬಿಟ್ಟಿತು. ಒಮ್ಮೆಗೆ ಐದು ರೋಲು ತರಿಸಿ, ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ಹೊರಗೆ ತೆಗೆದ ಮೇಲೆ ಎರಡು ಗಂಟೆ ಹಾಗೇ ಬಿಟ್ಟು ಆಮೇಲೆ ತೆರೆಯಿರಿ, ಇಲ್ಲದಿದ್ದರೆ ನಮ್ಮ ಗಾಳಿಯ ತೇವವೆಲ್ಲ ತಣ್ಣಗಿನ ಫಿಲಮ್ಮಿನ ಮೇಲೆ ಹನಿಯಾಗಿ ಕೂರುತ್ತದೆ. ಅರ್ಧ ತೆಗೆದ ರೋಲನ್ನು ಕ್ಯಾಮೆರಾದಲ್ಲಿ ಮಳೆಗಾಲ ಕಳೆಯಲು ಬಿಡಬೇಡಿ.

ಮೊದಲ ರೋಲಿನಲ್ಲಿ ಚಂದದ ಫೋಟೊಕ್ಕೆ ಹೋಗಬೇಡಿ. ಮನೆಯ ಜಗುಲಿ, ದಣಪೆ, ತೋಟದ ಒಳಗು, ಒಲೆಯ ಮುಂದೆ ಕೂತ ಯಾರಾದರೂ ಒಬ್ಬರು, ಇವಿಷ್ಟನ್ನೇ ಬೇರೆ ಬೇರೆ ಶಟರ್ ವೇಗದಲ್ಲಿ ತೆಗೆದು ಪ್ರತಿ ಫ್ರೇಮಿನ ಎದುರು ಅಂಕಿ ಬರೆದಿಟ್ಟುಕೊಳ್ಳಿ. ತೊಳೆದು ಒಣಗಿದ ಮೇಲೆ ಆ ಪಟ್ಟಿಯನ್ನೂ ಬರೆದ ಚೀಟಿಯನ್ನೂ ಹಿಡಿದುಕೊಂಡು ಶಿವಮೊಗ್ಗಕ್ಕೆ ಬನ್ನಿ. ನಿಮ್ಮ ಅಪ್ಪಯ್ಯ ತೆಗೆದ ಪಟ್ಟಿಗಳಲ್ಲಿ ನಾಲ್ಕನ್ನೂ ತನ್ನಿ. ಎರಡನ್ನೂ ಪಕ್ಕಪಕ್ಕ ಇಟ್ಟು ಅವರು ನೆರಳಿಗೆ ಎಷ್ಟು ಬೆಳಕು ಕೊಡುತ್ತಿದ್ದರು, ನೀವು ಎಷ್ಟು ಕೊಟ್ಟಿದ್ದೀರಿ ಎಂದು ನೋಡೋಣ.